ಇನ್ನೆರಡು ಗೀರು

"ನಾಲ್ಕು ಗೀರು ಸಾಕಾ, ಆರು ಬೇಕಾ? ನೋಡಿ ಹೇಳು ಅಣ್ಣ" ಎನ್ನುತ್ತಾ ತಂಗಿ ರೈಫಲ್ಲಿನ ನಳಿಗೆಯನ್ನು ಅವನ ಕೈಗಿಟ್ಟಳು. ಗುಂಡು ತಿರುಗುತ್ತಾ ನೇರವಾಗಿ ಹೋಗಲೆಂದು ನಳಿಗೆಯೊಳಗೆ ಕೊರೆಯುವ ಸುರುಳಿ ಗೀರುಗಳು ಸವೆದುಹೋಗಿದ್ದವು. ಬೆಳಿಗ್ಗೆಯಷ್ಟೇ ಅವಳು ತನ್ನ ವರ್ಕ್‌ಶಾಪಿನಲ್ಲಿ ಆ ರಂಧ್ರವನ್ನು ಅಗಲ ಮಾಡಿ, ಹಳೆಯ ಗೀರಿನ ಗುರುತೂ ಉಳಿಯದಂತೆ ಕನ್ನಡಿಯ ಹಾಗೆ ನುಣುಪು ಮಾಡಿದ್ದಳು. ಹೊಸ ಗೀರುಗಳನ್ನು ಇನ್ನು ಹಾಕಬೇಕಿತ್ತು.

ಅಣ್ಣ ಹೆಸರಾಂತ ಗುರಿಕಾರ. ಇವನ ಕಣ್ಣಿಗೆ ಬಿದ್ದ ನೊಣಕ್ಕೆ ಆಯಸ್ಸಿಲ್ಲ ಎಂದು ಅಪ್ಪ ತಮಾಷೆ ಮಾಡುತ್ತಿದ್ದರು. ಆಪರೇಷನ್ ಆದಮೇಲೆ ಕಣ್ಣು ಮೊದಲಿನ ಹಾಗೇ ಆಗಿದೆ, ಈ ಸಲದ ಸ್ಪರ್ಧೆಗೂ ಹೋಗುತ್ತೇನೆ ಎಂದು ಅವನು ಮನೆಮಂದಿಗೆಲ್ಲ ಹೇಳಿದ್ದ. ಅದನ್ನು ನಂಬಿಯೇ ಅವಳು ಉಳಿದ ಕೆಲಸವನ್ನೆಲ್ಲ ಬದಿಗಿಟ್ಟು ಈ ರೈಫಲ್ಲಿಗೆ ಕೈಹಾಕಿದ್ದಳು.

ಅವನು ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಬಲಗಣ್ಣಿಗೆ ತಂದು, ಪಳಗಿದ ಕೈಯಿಂದ ನಿಧಾನವಾಗಿ ತಿರುಗಿಸುತ್ತಾ ಒಳಗೆ ನೋಡಿದ.

"ಆರೇ ಇರ್ಲಿ. ನಾಲ್ಕಂತೂ ಆಗ್ಲೇ ಹಾಕಿದ್ದೀಯಲ್ಲ, ತುಂಬಾ ಚೆನ್ನಾಗಿ ಬಂದಿದೆ. ಇನ್ನೆರಡು ಹಾಕ್ಬಿಡು."

ತಂಗಿ ಅವನ ಕಣ್ಣುಗಳನ್ನೇ ದಿಟ್ಟಿಸಿದಳು. ಅವನು ನಗುಮುಖದಲ್ಲೇ, ಅವಳಿಲ್ಲದ ಕಡೆಗೆ ತಿರುಗಿ, "ಯಾಕೆ ಸುಮ್ನಾದೆ? ಎರಡು ಗೀರಿಗೆ ಇಷ್ಟು ಯೋಚ್ನೆನಾ?" ಎಂದು ಕೇಳಿದ.

"ಏನಿಲ್ಲಣ್ಣ. ಎರಡೇ ತಾನೇ, ಈಗ್ಲೇ ಹಾಕ್ತೀನಿ" ಎಂದು ಅವಳು ಅವನ ಕೈಯಿಂದ ನಳಿಗೆಯನ್ನು ತೆಗೆದುಕೊಂಡು, ಮೊದಲನೆಯ ಗೀರು ಕೊರೆಯಲು ಯಂತ್ರಕ್ಕೆ ಕಚ್ಚಿಸಿದಳು.