ಅವರೆ ಬಳ್ಳಿಯ ಪಾಠ

ನಮ್ಮಲ್ಲಿ ಸತ್ತವರ ಬೂದಿಯನ್ನು ಹಿತ್ತಲಿಗೆ ಹಾಕಿ ಅವರೆ ಬಿತ್ತುತ್ತೇವೆ. ಹೂ ಅರಳುವ ತನಕ ಬಳ್ಳಿ ಅವರ ದನಿಯಲ್ಲಿ ಮಾತಾಡುತ್ತದೆ. ಮಕ್ಕಳಿಗೆ ಅದೇ ಶಾಲೆ.

ಮಗಳು ಇಂಚರ ಅಪ್ಪನ ಬಳ್ಳಿಯಡಿ ಎಲೆ ಎಣಿಸುತ್ತ ಮಗ್ಗಿ ಕಲಿಯುತ್ತಿದ್ದಳು. ನಾನು ಎಂದಿನಂತೆ ಮೊಗ್ಗು ಚಿವುಟುತ್ತಿದ್ದೆ.

"ಅಮ್ಮಾ, ಹೂ ಬಿಟ್ರೇನೆ ಬೀಜ ಆಗೋದಂತೆ, ಅಪ್ಪ ಹೇಳಿಕೊಟ್ರು. ನಮ್ದು ಯಾಕೆ ಬಿಡಲ್ಲ?"

ಮೊಗ್ಗುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

ಬೇಲಿಯಾಚೆ ಪಕ್ಕದ ಮನೆಯ ಗಂಗಮ್ಮ ನಕ್ಕರು. "ಸಾಕು ಬಿಡೇ ಚಂಪಾ, ಪಾಪ, ಅವನು ಹೋಗ್ಲಿ. ಇನ್ನೂ ಗಂಡನ ವ್ಯಾಮೋಹ ಬಿಡ್ಲಿಲ್ವಾ?"

ವ್ಯಾಮೋಹ ಎಲ್ಲಿಂದ ಬರಬೇಕು? ಬದುಕಿದ್ದಾಗ ಒಂದು ಸಂಜೆಯೂ ಅವರು ಮಗಳ ಪಕ್ಕ ಕೂತವರಲ್ಲ. ಈಗ ಎದ್ದು ಹೋಗಲು ಕಾಲಿಲ್ಲ.

ಕೊನೆಯ ಮೊಗ್ಗನ್ನೂ ಚಿವುಟಿ ಬಳ್ಳಿಗೆ ಹೇಳಿದೆ, "ಎಂಟರ ಮಗ್ಗಿ ಶುರು ಮಾಡಿ."