ಕೊನೆಯ ಹತ್ತು ನಿಮಿಷ

“ಭಾನುವಾರ ಏನು ಮಾಡಿದೆ?” ಎಂದು ಟ್ಯೂಷನ್ ಮೇಡಂ ಸ್ಪ್ಯಾನಿಷ್‌ನಲ್ಲಿ ಕೇಳಿದಾಗ, ಹತ್ತನೇ ಕ್ಲಾಸಿನ ಹುಡುಗಿ ಪುಸ್ತಕ ಮುಚ್ಚಿಟ್ಟು ಅದೇ ಭಾಷೆಯಲ್ಲಿ, ಒಂದಿಷ್ಟೂ ತಡವರಿಸದೆ ಹೇಳಿದಳು: “ಅಪ್ಪನ ಜೊತೆ ಒಬ್ಬ ಆಂಟಿ ಮನೆಗೆ ಹೋಗಿದ್ದೆ. ಅಲ್ಲಿ ಮೂರು ವರ್ಷದ ಮಗು ಇದೆ. ಅದೂ ಅಪ್ಪನನ್ನ ಅಪ್ಪ ಅಂತಲೇ ಕರೆಯುತ್ತೆ. ಅಮ್ಮನಿಗೆ ಹೇಳಬೇಡ ಅಂದಿದ್ದಾರೆ.”

ಅಮ್ಮ ಪಕ್ಕದ ಕುರ್ಚಿಯಲ್ಲೇ ಇದ್ದಳು. ಪಾಠದ ಕೊನೆಯ ಹತ್ತು ನಿಮಿಷ ತಾಯಂದಿರು ಬಂದು ಕೂರಬೇಕು, ಮಕ್ಕಳು ಮಾತಾಡುವುದನ್ನು ಕೇಳಬೇಕು ಎಂಬುದು ಮೇಡಂ ತಾನೇ ಮಾಡಿದ ಪದ್ಧತಿ. ಸ್ಪ್ಯಾನಿಷಿನ ಗಂಧಗಾಳಿಯಿಲ್ಲದ ಅಮ್ಮ ಹಿಗ್ಗಿನಿಂದ ಮೊಬೈಲ್ ಹಿಡಿದು ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡಿದ್ದಳು. “ಅರಳು ಹುರಿದ ಹಾಗೆ ಮಾತಾಡಿಬಿಟ್ಲಲ್ಲ ಮೇಡಂ! ಏನಂದ್ಲು?”

ಹುಡುಗಿ ಕಣ್ಣು ಮಿಟುಕಿಸದೆ ಮೇಡಂ ಮುಖವನ್ನೇ ನೋಡುತ್ತಿದ್ದಳು. ಮೇಡಂ ಪುಸ್ತಕವನ್ನು ಬ್ಯಾಗಿಗೆ ತುರುಕಿದಳು. “ರಜೆ ಹೇಗೆ ಕಳೀತು ಅಂತ... ಒಂದು ತಪ್ಪೂ ಇಲ್ಲ.”

“ಹಾಗಾದ್ರೆ ಇವರಪ್ಪಂಗೆ ಈಗಲೇ ಕಳಿಸ್ತೀನಿ ತಾಳಿ. ಅವರಿಗೂ ಒಂದಕ್ಷರ ಬರಲ್ಲ, ಆದ್ರೂ ಈ ಟ್ಯೂಷನ್ ದಂಡ ಅಂತಿದ್ರು.”

ಮೇಡಂ ಬ್ಯಾಗಿನ ಜಿಪ್ ಎಳೆಯುವಷ್ಟರಲ್ಲಿ ಉತ್ತರ ಬಂದೇಬಿಟ್ಟಿತು. ಅಮ್ಮ ಮಗಳ ತಲೆ ಸವರುತ್ತಾ ಗಟ್ಟಿಯಾಗಿ ಓದಿದಳು: “ಶಭಾಷ್ ಮಗಳೇ! ನೆಂಟರಿಷ್ಟರಿಗೆಲ್ಲ ಕಳಿಸು.”