ಜಾರುವ ಕಂಬ

ಒಲೆಯ ಬೂದಿಯ ವಾಸನೆ ಬಂದರೆ ಈಗಲೂ ನನಗೆ ಕಡೂರಿನ ಆ ಖೋ-ಖೋ ಮೈದಾನ ಕಣ್ಣೆದುರು ಬರುತ್ತದೆ.

ಹಿರೇನಲ್ಲೂರಿನ ಹುಡುಗಿಯರಾದ ನಾವು ತೋಟದ ಎರಡು ತೆಂಗಿನ ಮರಗಳನ್ನೇ ಕಂಬ ಮಾಡಿಕೊಂಡು ಆಟ ಕಲಿತವರು. ಒರಟು ಮರ ಹಿಡಿದು ತಿರುಗುತ್ತಿದ್ದ ನನ್ನ ಕೈ, ತಾಲ್ಲೂಕು ಫೈನಲ್‌ನಲ್ಲಿ ನುಣ್ಣಗೆ ಬಣ್ಣ ಬಳಿದ ಕಂಬ ಹಿಡಿದದ್ದೇ ಜಾರಿತು. ಎರಡು ಸಲ ಬಿದ್ದೆ, ಮೊಣಕೈ ತರಚಿತು. ಎದುರು ತಂಡದ ನಾಯಕಿ, "ನಿಮ್ಮೂರಲ್ಲಿ ಕಂಬಾನೇ ಇಲ್ವೇನೇ?" ಎಂದು ನಕ್ಕಳು.

ವಿರಾಮದಲ್ಲಿ ಮೇಷ್ಟ್ರು ನನ್ನನ್ನು ಹೊರಗೆ ಕೂರಿಸಲು ಹೊರಟರು. ಅಷ್ಟರಲ್ಲಿ, ಆಟ ನೋಡಲು ಬಂದಿದ್ದ, ತೆಂಗಿನ ಮರ ಹತ್ತಿ ಕಾಯಿ ಕೀಳುವ ನನ್ನ ಸೋದರಮಾವ ಮೈದಾನದ ಪಕ್ಕದ ಬೋಂಡದಂಗಡಿಯ ಒಲೆಯಿಂದ ಒಂದು ಹಿಡಿ ತಣ್ಣನೆಯ ಬೂದಿ ತಂದರು.

"ಬೆವತ ಕೈ ಜಾರಿದ್ರೆ ನಾನು ಹಿಂಗೇ ಮಾಡೋದು. ಅಂಗೈಗೆ ಉಜ್ಕೊ ಕಣವ್ವ. ಮೇಷ್ಟ್ರೇ, ಇನ್ನೊಂದ್ಸಲ ಬಿಡ್ರೀ ಅವ್ಳನ್ನ!"

"ಆಯ್ತಪ್ಪ, ಬಿದ್ರೆ ಇದೇ ಕೊನೆ," ಎಂದರು ಮೇಷ್ಟ್ರು.

ಕೊನೆಯ ನಿಮಿಷದಲ್ಲಿ ಗೆಲ್ಲಲು ಇನ್ನೊಂದೇ ಅಂಕ ಬೇಕಿತ್ತು. ಆ ನಾಯಕಿ ಕಂಬದ ಪಕ್ಕದಲ್ಲೇ ನುಸುಳಿದಳು. ನಾನು ಕಂಬ ಹಿಡಿದೆ, ಬೂದಿ ಉಜ್ಜಿದ ಕೈ ಕಚ್ಚಿಕೊಂಡು ನಿಂತಿತು. ಗಿರ್ರನೆ ತಿರುಗಿ ಅವಳ ಬೆನ್ನು ಮುಟ್ಟಿದೆ. ಸೀಟಿ ಬಿತ್ತು!

ಅವಳು ಏದುಸಿರು ಬಿಡುತ್ತಾ ನನ್ನ ಜಡೆ ಹಿಡಿದೆಳೆದು, "ಜಿಲ್ಲೆಗೆ ಹೋಗಿ ಸೋತು ಬಂದ್ರೆ ನೋಡು ಮತ್ತೆ!" ಎಂದಳು.